ಪಸ್ಕದಿಂದ ಈಸ್ಟರಿಗೆ: ಒಂದು ವಸಂತೋತ್ಸವದ ಹೆಸರು, ದಿನ ಮತ್ತು ಆಚಾರಗಳ ವಿಚಾರ

ಹಬ್ಬಗಳ ಚರಿತ್ರೆಯನ್ನು ಶೋಧಿಸುವವರು ಎರಡು ಬಗೆಯ ತಪ್ಪುಗಳಿಗೆ ಸುಲಭವಾಗಿ ಎಡೆಗೊಡುತ್ತಾರೆ. ಹಬ್ಬದ ಹೆಸರು ಎಲ್ಲಿಂದ ಬಂದಿತೋ ಹಬ್ಬವೂ ಅಲ್ಲಿಂದಲೇ ಬಂದಿತೆಂದು ಭಾವಿಸುವುದು ಒಂದು. ಹಬ್ಬದ ದಿನ ನಡೆಯುವ ಯಾವುದೋ ಒಂದು ಆಚಾರ ಪುರಾತನವಾಗಿ ತೋರಿದರೆ ಹಬ್ಬದ ತಿರುಳೆಲ್ಲ ಆ ಆಚಾರದಲ್ಲೇ ಅಡಗಿದೆಯೆಂದು ತೀರ್ಮಾನಿಸುವುದು ಮತ್ತೊಂದು. ಕ್ರೈಸ್ತರ ವಸಂತಕಾಲದ ಮಹೋತ್ಸವವಾದ ಈಸ್ಟರ್ ಈ ಎರಡು ತಪ್ಪುಗಳಿಗೂ ಗುರಿಯಾಗಿರುವ ಹಬ್ಬ. ಈಸ್ಟರ್ ಮೂಲದಲ್ಲಿ ಒಬ್ಬ ವಸಂತದೇವತೆಯ ಉತ್ಸವವಾಗಿತ್ತು, ಕ್ರೈಸ್ತರು ಅದಕ್ಕೆ ತಮ್ಮ ಕಥೆಯ ಹೊದಿಕೆಯನ್ನು ಹೊದಿಸಿದರು, ಮೊಟ್ಟೆಯೂ ಮೊಲವೂ ಆ ದೇವತೆಯ ಲಾಂಛನಗಳು ಎಂಬ ಮಾತು ಜನಪ್ರಿಯ ಗ್ರಂಥಗಳಲ್ಲಿ ಪುನಃಪುನಃ ಬರುತ್ತದೆ. ತರಗತಿಗಳಲ್ಲಿಯೂ ಅದನ್ನು ಸಿದ್ಧಾಂತವೆಂಬಂತೆ ಹೇಳುವುದುಂಟು.

ಪ್ರಕೃತ ಲೇಖನದಲ್ಲಿ ನಾವು ಹಬ್ಬದ ಹೆಸರು, ಮೂಲ, ದಿನ, ಆಚಾರ ಇವುಗಳನ್ನು ಬೇರೆಬೇರೆಯಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಈ ನಾಲ್ಕಕ್ಕೂ ಪ್ರತ್ಯೇಕವಾದ ಚರಿತ್ರೆಯುಂಟು. ನಮ್ಮ ಪ್ರತಿಪಾದನೆ ಸಂಕ್ಷೇಪವಾಗಿ ಇಷ್ಟು: ಈಸ್ಟರಿನ ಬೇರು ಯೆಹೂದ್ಯರ ಪಸ್ಕಹಬ್ಬದಲ್ಲಿದೆ, ಅದರ ದಿನದ ನಿರ್ಣಯ ಆ ಬೇರಿನಿಂದ ದೂರ ಸರಿಯಲು ನಡೆದ ದೀರ್ಘಪ್ರಯತ್ನದ ಫಲ, ಅದರ ಆಚಾರಗಳಲ್ಲಿ ಪ್ರಸಿದ್ಧವಾದ ಕೆಲವು ಉಪವಾಸದ ನಿಯಮಗಳಿಂದ ಹುಟ್ಟಿದವು. ಬೇರನ್ನು ಮರೆತುದರಿಂದ ಆದ ಹಾನಿ ಕೇವಲ ಪಾಂಡಿತ್ಯದ ಹಾನಿಯಾಗಿರಲಿಲ್ಲವೆಂಬುದನ್ನೂ ಕೊನೆಯಲ್ಲಿ ಸೂಚಿಸುತ್ತೇವೆ.

೧

ಮೊದಲು ಹೆಸರನ್ನು ನೋಡೋಣ. ವಸಂತದೇವತೆಯ ಕಥೆಗೆ ಪ್ರಾಚೀನವಾದ ಲಿಖಿತಾಧಾರ ಒಂದೇ. ಉತ್ತರ ಇಂಗ್ಲೆಂಡಿನ ಜಾರೋ ಮಠದಲ್ಲಿ ಬಾಳಿದ ಬೀಡ್ ಎಂಬ ಸನ್ಯಾಸಿ ೭೨೫ರಲ್ಲಿ ಕಾಲಗಣನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದನು. ಅದರಲ್ಲಿ ಆಂಗ್ಲರ ಹಳೆಯ ಮಾಸನಾಮಗಳನ್ನು ವಿವರಿಸುತ್ತ, ಏಪ್ರಿಲ್ ತಿಂಗಳಿಗೆ ಸಲ್ಲುವ ಮಾಸಕ್ಕೆ ಎಯೋಸ್ಟ್ರೆ ಎಂಬ ದೇವತೆಯಿಂದ ಹೆಸರು ಬಂದಿತೆಂದೂ, ಹಿಂದೆ ಆ ತಿಂಗಳಿನಲ್ಲಿ ಆಕೆಯ ಗೌರವಾರ್ಥ ಉತ್ಸವಗಳು ನಡೆಯುತ್ತಿದ್ದವೆಂದೂ, ಈಗ ಜನ ಅದೇ ಹೆಸರಿನಿಂದ ಪಸ್ಕದ ಕಾಲವನ್ನು ಕರೆಯುತ್ತಾರೆಂದೂ ಅವನು ಹೇಳುತ್ತಾನೆ. ಅವನು ಹೇಳುವುದು ಇಷ್ಟೇ. ಆ ದೇವತೆಯ ರೂಪ, ಕಥೆ, ಪೂಜಾವಿಧಿ, ಲಾಂಛನ ಯಾವುದನ್ನೂ ಅವನು ಬರೆದಿಲ್ಲ.

ಸಾವಿರದ ನೂರು ವರ್ಷಗಳ ತರುವಾಯ, ೧೮೩೫ರಲ್ಲಿ, ಜರ್ಮನ್ ವಿದ್ವಾಂಸನಾದ ಯಾಕೋಬ್ ಗ್ರಿಮ್ ತನ್ನ ಜರ್ಮನ್ ಪುರಾಣಶಾಸ್ತ್ರದ ಗ್ರಂಥದಲ್ಲಿ ಈ ಮಾತನ್ನು ಕೈಗೆತ್ತಿಕೊಂಡನು. ಜರ್ಮನರಲ್ಲಿಯೂ ಏಪ್ರಿಲಿಗೆ ಅದೇ ಧಾತುವಿನ ಹೆಸರಿದ್ದುದರಿಂದ ಅಲ್ಲಿಯೂ 'ಓಸ್ಟರ' ಎಂಬೊಬ್ಬ ದೇವತೆ ಇದ್ದಿರಬೇಕೆಂದು ಅವನು ಊಹಿಸಿದನು. ಓಸ್ಟರ ಎಂಬ ದೇವತೆಯನ್ನು ಹೆಸರಿಸುವ ಪ್ರಾಚೀನ ಜರ್ಮನ್ ಲೇಖ ಒಂದೂ ಇಲ್ಲ. ಆಕೆ ಭಾಷಾಶಾಸ್ತ್ರದ ಅನುಮಾನದಿಂದ ಜನಿಸಿದವಳು. ೧೮೭೪ರಲ್ಲಿ ಆಡಾಲ್ಫ್ ಹೋಲ್ಟ್ಸ್‌ಮನ್ ಎಂಬ ಮತ್ತೊಬ್ಬ ಪಂಡಿತನು ಈಸ್ಟರ್ ಮೊಲದ ಅರ್ಥ ತನಗೆ ಹೊಳೆಯದೆಂದು ಒಪ್ಪಿಕೊಂಡು, ಪ್ರಾಯಶಃ ಮೊಲ ಆ ದೇವತೆಗೆ ಸೇರಿದ ಪ್ರಾಣಿಯಾಗಿದ್ದಿರಬಹುದೆಂದನು. ಒಬ್ಬನ 'ಇರಬೇಕು', ಇನ್ನೊಬ್ಬನ 'ಇರಬಹುದು' ಮುಂದಿನವರ ಲೇಖನಿಯಲ್ಲಿ 'ಇತ್ತು' ಎಂದಾಯಿತು.

ಹಾಗೆಂದು ಬೀಡನು ದೇವತೆಯನ್ನು ಕಲ್ಪಿಸಿ ಬರೆದನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ೧೯೫೮ರಲ್ಲಿ ಜರ್ಮನಿಯ ರೈನ್ ಪ್ರಾಂತದ ಮೋರ್ಕೆನ್-ಹಾರ್ಫ್ ಎಂಬಲ್ಲಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಶಾಸನಗಳು ದೊರೆತವು. ಅವು 'ಔಸ್ಟ್ರಿಯಹೇನೆ' ಎಂಬ ಮಾತೃದೇವತೆಗಳಿಗೆ ಅರ್ಪಿತವಾದವು. ಈ ಹೆಸರಿನಲ್ಲಿಯೂ 'ಪೂರ್ವದಿಕ್ಕು' ಎಂಬರ್ಥದ ಧಾತುವನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದುದರಿಂದ ಇಂಥ ಹೆಸರಿನ ಸ್ಥಳೀಯ ದೇವತೆಯೊಬ್ಬಳು ಆಂಗ್ಲರಲ್ಲಿಯೂ ಇದ್ದುದು ಅಸಂಭವವಲ್ಲ. ಆದರೆ ಇದರಿಂದ ಸಿದ್ಧವಾಗುವುದೇನು? ದೇವತೆಯಿಂದ ತಿಂಗಳಿಗೆ ಹೆಸರು ಬಂದಿರಬಹುದು. ತಿಂಗಳಿನಿಂದ ಹಬ್ಬಕ್ಕೆ ಹೆಸರು ಬಂದಿತು. ಶುಕ್ರವಾರ ಸೇರಿದ ಸಭೆಯನ್ನು ಶುಕ್ರಗ್ರಹದ ಆರಾಧನೆಯೆಂದು ನಾವು ಯಾರೂ ಕರೆಯುವುದಿಲ್ಲವಷ್ಟೆ.

ಇತರ ಭಾಷೆಗಳ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಈ ಧಾತುವಿನ ಹೆಸರು ಮುಖ್ಯವಾಗಿ ಇಂಗ್ಲಿಷಿಗೂ ಜರ್ಮನಿಗೂ ಸೀಮಿತ. ಫ್ರೆಂಚರ 'ಪಾಕ್', ಇಟಲಿಯವರ 'ಪಾಸ್ಕ್ವ', ಸ್ಪೇನಿನವರ 'ಪಾಸ್ಕುವ', ಡಚ್ಚರ 'ಪಾಸೆನ್', ರಷ್ಯನರ 'ಪಾಸ್ಖ' ಇವೆಲ್ಲವೂ ಹೀಬ್ರೂ 'ಪೆಸಹ್' ಎಂಬುದರ ಅರಮಾಯಿಕ್ ರೂಪದಿಂದ ಗ್ರೀಕಿನ ಮೂಲಕ ಬಂದವು. ಕನ್ನಡ ಬೈಬಲ್ಲಿನ 'ಪಸ್ಕ'ವೂ ಇದೇ ಕುಟುಂಬದ ಶಬ್ದ. ಪೋಲೆಂಡಿನವರು ಹಬ್ಬವನ್ನು 'ಮಹಾರಾತ್ರಿ' ಎಂಬರ್ಥದ ಶಬ್ದದಿಂದಲೂ, ಬಲ್ಗೇರಿಯದವರು 'ಮಹಾದಿನ' ಎಂಬರ್ಥದ ಶಬ್ದದಿಂದಲೂ, ಹಂಗೇರಿಯವರು 'ಮಾಂಸಸ್ವೀಕಾರ' ಎಂಬರ್ಥದ ಶಬ್ದದಿಂದಲೂ ಕರೆಯುತ್ತಾರೆ. ಕಡೆಯ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಆಚಾರಗಳ ವಿಚಾರಕ್ಕೆ ಬಂದಾಗ ಅದರ ಪ್ರಯೋಜನ ತಿಳಿದುಬರುತ್ತದೆ.

೨

ಇನ್ನು ಮೂಲದ ವಿಚಾರ. ರೋಮಿನಿಂದ ಬಂದ ಆಗಸ್ಟಿನನು ಕೆಂಟ್ ಪ್ರಾಂತದಲ್ಲಿ ಕಾಲಿರಿಸಿ ಆಂಗ್ಲರಿಗೆ ಕ್ರೈಸ್ತಮತವನ್ನು ಬೋಧಿಸಲು ಆರಂಭಿಸಿದುದು ೫೯೭ರಲ್ಲಿ. ಅದಕ್ಕಿಂತ ನಾಲ್ಕು ಶತಮಾನಗಳಿಗೂ ಹಿಂದೆ ಏಷ್ಯಾಮೈನರಿನಲ್ಲಿಯೂ ರೋಮಿನಲ್ಲಿಯೂ ಈ ಹಬ್ಬ ಸುಪ್ರತಿಷ್ಠಿತವಾಗಿದ್ದಿತು. ಅದರ ದಿನದ ವಿಷಯವಾಗಿ ವಿವಾದವೂ ಏಳುವಷ್ಟು ಪ್ರಾಮುಖ್ಯ ಅದಕ್ಕಿದ್ದಿತು. ಆಂಗ್ಲದೇವತೆಯ ಹೆಸರನ್ನೇ ಕೇಳದಿದ್ದ ಜನ ಆಚರಿಸುತ್ತಿದ್ದ ಹಬ್ಬಕ್ಕೆ ಆ ದೇವತೆ ಮೂಲಳಾಗಲಾರಳು.

ಆ ಪ್ರಾಚೀನ ಕ್ರೈಸ್ತರು ಆಚರಿಸುತ್ತಿದ್ದುದು ಪಸ್ಕವನ್ನೇ. ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲ್ಯರು ಬಿಡುಗಡೆ ಹೊಂದಿದ ಸ್ಮರಣೆಗಾಗಿ ನಿಸಾನ್ ಮಾಸದ ಚತುರ್ದಶಿಯ ಸಂಜೆ ಕುರಿಮರಿಯನ್ನು ವಧಿಸಿ, ಹುಳಿಹಿಟ್ಟು ಸೇರಿಸದ ರೊಟ್ಟಿಯೊಡನೆ ಅದನ್ನು ಉಣ್ಣಬೇಕೆಂಬುದು ಯೆಹೂದ್ಯರ ವಿಧಿ. ನಿಸಾನ್ ವಸಂತದ ಮಾಸ. ನಮ್ಮ ಚಾಂದ್ರಮಾನದ ಚೈತ್ರಕ್ಕೆ ಬಹುಮಟ್ಟಿಗೆ ಸಮೀಪವಾದುದು. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಪಡಿಸಿದ ಮೇಲೆ ಕುರಿಮರಿಯ ಬಲಿ ನಿಂತುಹೋಗಿ ಮನೆಯೊಳಗಿನ ಭೋಜನವಿಧಿ ಪ್ರಧಾನವಾಯಿತು. ಯೇಸುವಿನ ಮರಣ ಈ ಪಸ್ಕದ ಸಮಯದಲ್ಲಿ, ಒಂದು ಶುಕ್ರವಾರ, ಸಂಭವಿಸಿತೆಂಬುದರಲ್ಲಿ ನಾಲ್ಕು ಸುವಾರ್ತೆಗಳೂ ಏಕಾಭಿಪ್ರಾಯವುಳ್ಳವು. ಕಡೆಯ ಭೋಜನವೇ ಪಸ್ಕದ ಭೋಜನವೆಂದು ಮೊದಲ ಮೂರು ಸುವಾರ್ತೆಗಳು ಹೇಳಿದರೆ, ಕುರಿಮರಿಗಳನ್ನು ವಧಿಸುವ ದಿನವೇ ಶಿಲುಬೆಯ ದಿನವೆಂದು ಯೋಹಾನನ ಸುವಾರ್ತೆ ಸೂಚಿಸುತ್ತದೆ. ಭೇದ ಒಂದು ದಿನದ್ದು. ಕುರಿಮರಿಯ ಪ್ರತೀಕ ಎರಡಕ್ಕೂ ಸಮಾನ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕ್ರಿಸ್ತನನ್ನು ಪಸ್ಕದ ಬಲಿಯೆಂದು ಕರೆಯುತ್ತಾನೆ. ಸುವಾರ್ತೆಗಳು ರಚಿತವಾಗುವ ಮೊದಲೇ ಈ ಭಾವನೆ ರೂಢಿಯಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಶತಮಾನದಲ್ಲಿ ಸಾರ್ದಿಸ್ ನಗರದ ಬಿಷಪ್ ಮೆಲಿಟೋ ಎಂಬಾತನು ರಚಿಸಿದ ಪಸ್ಕದ ಉಪದೇಶವೊಂದು ಪಪೈರಸ್ ಹಾಳೆಗಳಲ್ಲಿ ದೊರೆತು ೧೯೪೦ರಲ್ಲಿ ಪ್ರಕಟವಾಯಿತು. ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಅವನು ಕ್ರಿಸ್ತನ ಕಥೆಗೆ ಮುನ್ನುಡಿಯಾಗಿ ವ್ಯಾಖ್ಯಾನಿಸುತ್ತಾನೆ. 'ಪಾಸ್ಖ' ಶಬ್ದವನ್ನು 'ಯಾತನೆಪಡು' ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ ನಿಷ್ಪನ್ನಗೊಳಿಸುವ ಅವನ ವ್ಯುತ್ಪತ್ತಿ ಭಾಷಾಶಾಸ್ತ್ರದ ದೃಷ್ಟಿಯಿಂದ ಸಲ್ಲದು. ಆದರೆ ಅವನ ಕಾಲದ ಭಕ್ತರ ಮನಸ್ಸನ್ನು ಅದು ಚೆನ್ನಾಗಿ ತೋರಿಸುತ್ತದೆ. ಆ ಕಾಲದ ಪಸ್ಕದಲ್ಲಿ ಮರಣ, ಪುನರುತ್ಥಾನಗಳೆರಡೂ ಒಂದೇ ರಾತ್ರಿಯ ಜಾಗರಣೆಯಲ್ಲಿ ಸ್ಮರಿಸಲ್ಪಡುತ್ತಿದ್ದವು. ಅವನ್ನು ಒಂದು ವಾರದ ಮೇಲೆ ಹಂಚಿ, ಆಯಾ ಘಟನೆ ನಡೆದ ಸ್ಥಳದಲ್ಲಿಯೇ ಆಚರಿಸುವ ಪದ್ಧತಿ ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ಬೆಳೆಯಿತು. ೩೮೦ರ ದಶಕದಲ್ಲಿ ಅಲ್ಲಿಗೆ ಯಾತ್ರೆ ಹೋದ ಎಗೇರಿಯ ಎಂಬ ಸ್ತ್ರೀ, ಮಕ್ಕಳು ಗರಿಗಳನ್ನೂ ಆಲಿವ್ ಕೊಂಬೆಗಳನ್ನೂ ಹಿಡಿದು ಆಲಿವ್ ಗುಡ್ಡದಿಂದ ಇಳಿದುಬರುವ ಮೆರವಣಿಗೆಯನ್ನು ವರ್ಣಿಸಿದ್ದಾಳೆ. ಇಂದಿನ ಗರಿಗಳ ಭಾನುವಾರಕ್ಕೆ ಇದು ಪೂರ್ವರೂಪ. ಆಕೆಯ ಬರಹದ ಪ್ರತಿ ಇಟಲಿಯ ಅರೆಟ್ಸೊ ನಗರದಲ್ಲಿ ೧೮೮೪ರಲ್ಲಿ ಪತ್ತೆಯಾಯಿತು.

೩

ದಿನದ ಪ್ರಶ್ನೆ ಇದಕ್ಕಿಂತ ಜಟಿಲ. ಏಷ್ಯಾಮೈನರಿನ ಸಭೆಗಳು ಯಾವ ವಾರವೇ ಬರಲಿ, ನಿಸಾನ್ ಚತುರ್ದಶಿಯಂದೇ ಪಸ್ಕವನ್ನು ಆಚರಿಸುತ್ತಿದ್ದವು. ರೋಮ್ ಮೊದಲಾದ ಕಡೆಗಳಲ್ಲಿ ಅದರ ಮುಂದಿನ ಭಾನುವಾರ ಆಚರಿಸುತ್ತಿದ್ದರು. ಸುಮಾರು ೧೫೫ರಲ್ಲಿ ಸ್ಮರ್ನದ ವೃದ್ಧ ಬಿಷಪ್ ಪಾಲಿಕಾರ್ಪನು ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೇಟಸನೊಡನೆ ಈ ವಿಚಾರವಾಗಿ ಚರ್ಚಿಸಿದನು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾರದೆ ಹೋದರು. ಆದರೂ ಒಟ್ಟಿಗೆ ಪೂಜೆ ನಡೆಸಿ ಸ್ನೇಹದಿಂದ ಬೀಳ್ಕೊಂಡರು. ಶತಮಾನದ ಅಂತ್ಯದಲ್ಲಿ ರೋಮಿನ ಬಿಷಪ್ ವಿಕ್ಟರನು ಚತುರ್ದಶಿಯವರನ್ನು ಸಭೆಯಿಂದ ಹೊರಗಿಡಲು ಹೊರಟಾಗ, ಬಾಲ್ಯದಲ್ಲಿ ಪಾಲಿಕಾರ್ಪನ ಉಪದೇಶವನ್ನು ಕೇಳಿದ್ದ ಲಿಯೋನಿನ ಐರಿನೇಯನು ಹಿಂದಿನವರ ಈ ಸೌಹಾರ್ದವನ್ನು ನೆನಪಿಸಿ ಪತ್ರ ಬರೆದನು. ಚರ್ಚಿನ ಚರಿತ್ರೆಕಾರ ಯೂಸೀಬಿಯಸನು ಈ ಪತ್ರದ ಭಾಗವನ್ನು ಉಳಿಸಿಕೊಟ್ಟಿದ್ದಾನೆ. ಮತಭೇದವನ್ನು ಸೈರಿಸುವ ಸಾಮರ್ಥ್ಯ ಆ ಆದಿಕಾಲದಲ್ಲಿ ಎಷ್ಟಿತ್ತೆಂಬುದನ್ನು ತೋರುವ ಅಮೂಲ್ಯ ದಾಖಲೆಯಿದು.

೩೨೫ರಲ್ಲಿ ಸಾಮ್ರಾಟ ಕಾನ್‌ಸ್ಟಂಟೈನನು ನೈಸಿಯದಲ್ಲಿ ಮಹಾಸಭೆಯನ್ನು ಕರೆದಾಗ ಪರಿಸ್ಥಿತಿ ಬದಲಾಗಿತ್ತು. ಎಲ್ಲ ಸಭೆಗಳೂ ಒಂದೇ ಭಾನುವಾರ ಹಬ್ಬವನ್ನು ಆಚರಿಸಬೇಕೆಂದು ಅಲ್ಲಿ ನಿಶ್ಚಯವಾಯಿತು. 'ವಸಂತವಿಷುವದ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ' ಎಂಬ ಸೂತ್ರವನ್ನು ಆ ಸಭೆಯೇ ವಿಧಿಸಿತೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಸಭೆಯ ಇಪ್ಪತ್ತು ವಿಧಿಗಳಲ್ಲಿ ಅಂಥ ಸೂತ್ರ ಇಲ್ಲ. ಅದು ಅಲೆಕ್ಸಾಂಡ್ರಿಯದ ಗಣಕರ ಪದ್ಧತಿಯಿಂದ ಕ್ರಮೇಣ ಸಾರ್ವತ್ರಿಕವಾಯಿತು. ನಿರ್ಣಯವನ್ನು ಪ್ರಕಟಿಸುತ್ತ ಸಾಮ್ರಾಟನು ಬರೆದ ಪತ್ರದಲ್ಲಿ ಎದ್ದುಕಾಣುವುದು ಬೇರೊಂದು ಅಂಶ. ಕ್ರೈಸ್ತರು ತಮ್ಮ ಹಬ್ಬದ ದಿನಕ್ಕಾಗಿ ಯೆಹೂದ್ಯರ ಪಂಚಾಂಗವನ್ನು ಅವಲಂಬಿಸಬಾರದೆಂಬುದನ್ನು ಅವನು ಯೆಹೂದ್ಯರನ್ನು ಕಟುವಾಗಿ ನಿಂದಿಸುವ ಮಾತುಗಳಲ್ಲಿ ಸಾರಿದ್ದಾನೆ. ಖಗೋಳಗಣಿತದ ಪ್ರಶ್ನೆಯಾಗಿದ್ದುದು ಅಲ್ಲಿ ಜನಾಂಗದ್ವೇಷದ ಸೋಂಕನ್ನು ಪಡೆಯಿತು.

ಗಣಿತದ ತಳಹದಿ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಹತ್ತೊಂಬತ್ತು ಸೌರವರ್ಷಗಳು ಇನ್ನೂರ ಮೂವತ್ತೈದು ಚಾಂದ್ರಮಾಸಗಳಿಗೆ ಬಹುತೇಕ ಸಮ. ಎಂದರೆ ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳು. ನಮ್ಮ ಪಂಚಾಂಗದ ಅಧಿಕಮಾಸಗಳೂ ಸ್ಥೂಲವಾಗಿ ಇದೇ ಪ್ರಮಾಣದಲ್ಲಿ ಬೀಳುತ್ತವೆ. ಈ ಚಕ್ರವನ್ನು ಆಧರಿಸಿ ಡಯೋನಿಸಿಯಸ್ ಎಕ್ಸಿಗುವಸ್ ಎಂಬ ಸನ್ಯಾಸಿ ೫೨೫ರಲ್ಲಿ ರೋಮಿನಲ್ಲಿ ಪಸ್ಕದ ಕೋಷ್ಟಕವನ್ನು ಸಿದ್ಧಪಡಿಸಿದನು. ಕ್ರೈಸ್ತರನ್ನು ಹಿಂಸಿಸಿದ ಡಯೋಕ್ಲೀಷಿಯನ್ ಚಕ್ರವರ್ತಿಯ ಹೆಸರಿನ ಶಕವನ್ನು ಬಿಟ್ಟು, ಕ್ರಿಸ್ತನ ಅವತಾರದಿಂದ ವರ್ಷಗಳನ್ನು ಎಣಿಸುವ ಕ್ರಮವನ್ನು ಅವನು ಆ ಕೋಷ್ಟಕದಲ್ಲಿ ಬಳಸಿದನು. ಇಂದು ಲೋಕವೆಲ್ಲ ಬಳಸುವ ಕ್ರಿಸ್ತಶಕ ಹೀಗೆ ಈಸ್ಟರಿನ ಗಣನೆಯ ಉಪಫಲವಾಗಿ ಹುಟ್ಟಿತು.

ಕೋಷ್ಟಕ ಬಂದ ಮಾತ್ರಕ್ಕೆ ಭೇದ ನಿಲ್ಲಲಿಲ್ಲ. ಏಳನೆಯ ಶತಮಾನದ ನಾರ್ತಂಬ್ರಿಯದಲ್ಲಿ ದೊರೆ ಓಸ್ವಿಯು ಐರಿಷ್ ಸನ್ಯಾಸಿಗಳ ಹಳೆಯ ಗಣನೆಯನ್ನೂ, ಕೆಂಟಿನಿಂದ ಬಂದ ರಾಣಿ ಎಯನ್‌ಫ್ಲೆಡ್ ರೋಮಿನ ಗಣನೆಯನ್ನೂ ಅನುಸರಿಸುತ್ತಿದ್ದರು. ದೊರೆ ಉಪವಾಸ ಮುಗಿಸಿ ಹಬ್ಬದೂಟ ಮಾಡುತ್ತಿರುವಾಗ ರಾಣಿಯೂ ಆಕೆಯ ಪರಿವಾರವೂ ಗರಿಗಳ ಭಾನುವಾರವನ್ನು ಆಚರಿಸುತ್ತ ಇನ್ನೂ ಉಪವಾಸದಲ್ಲಿರುತ್ತಿದ್ದರೆಂದು ಬೀಡನು ೭೩೧ರ ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ೬೬೪ರಲ್ಲಿ ವಿಟ್ಬಿ ಮಠದಲ್ಲಿ ಸೇರಿದ ಸಭೆಯಲ್ಲಿ ಓಸ್ವಿಯು ರೋಮಿನ ಪಕ್ಷವನ್ನು ಎತ್ತಿಹಿಡಿದನು. ಒಂದು ಅರಮನೆಯ ಪಂಕ್ತಿಭೇದ ಒಂದು ದೇಶದ ಚರ್ಚಿನ ಸಂಬಂಧಗಳನ್ನು ನಿರ್ಣಯಿಸಿತೆಂದರೆ ಅತಿಶಯೋಕ್ತಿಯಾಗಲಾರದು.

ಮುಂದಿನ ತೊಡಕು ಜೂಲಿಯನ್ ಪಂಚಾಂಗದ್ದು. ಅದರ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು ೧೧ ನಿಮಿಷ ದೀರ್ಘ. ಈ ಅಲ್ಪಭೇದ ಕೂಡುತ್ತ ಬಂದು ಹದಿನಾರನೆಯ ಶತಮಾನದ ಹೊತ್ತಿಗೆ ವಿಷುವ ಮಾರ್ಚ್ ೨೧ರಿಂದ ೧೧ಕ್ಕೆ ಸರಿದಿತ್ತು. ೧೫೮೨ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಪಂಚಾಂಗವನ್ನು ತಿದ್ದಿ, ಅಕ್ಟೋಬರ್ ೪ರ ಮರುದಿನವನ್ನು ೧೫ನೆಯ ತಾರೀಖೆಂದು ಘೋಷಿಸಿದನು. ಇಂದು ನಾವು ಕಚೇರಿಗಳಲ್ಲಿ ಬಳಸುವ ಪಂಚಾಂಗ ಹಬ್ಬದ ದಿನವನ್ನು ಸರಿಪಡಿಸಲೆಂದು ಹುಟ್ಟಿದುದು. ಈ ಗಣನೆಯಂತೆ ಈಸ್ಟರ್ ಮಾರ್ಚ್ ೨೨ರಿಂದ ಏಪ್ರಿಲ್ ೨೫ರ ಒಳಗೆ ಬೀಳುತ್ತದೆ. ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಈಸ್ಟರಿಗೆ ಜೂಲಿಯನ್ ಗಣನೆಯನ್ನೇ ಉಳಿಸಿಕೊಂಡಿವೆ. ಆದಕಾರಣ ೨೦೨೪ರಲ್ಲಿ ಪಶ್ಚಿಮದವರು ಮಾರ್ಚ್ ೩೧ರಂದೂ ಪೂರ್ವದವರು ಮೇ ೫ರಂದೂ ಹಬ್ಬವನ್ನು ಆಚರಿಸಿದರು. ನೈಸಿಯ ಸಭೆಗೆ ಸಾವಿರದ ಏಳುನೂರು ವರ್ಷ ತುಂಬಿದ ೨೦೨೫ರಲ್ಲಿ ಎರಡು ಗಣನೆಗಳೂ ಏಪ್ರಿಲ್ ೨೦ರಂದು ಕೂಡಿಬಂದವು. ದಿನವನ್ನು ಸ್ಥಿರಪಡಿಸಲು ಬ್ರಿಟಿಷ್ ಪಾರ್ಲಿಮೆಂಟು ೧೯೨೮ರಲ್ಲಿ ಮಾಡಿದ ಕಾನೂನು ಜಾರಿಗೆ ಬರಲಿಲ್ಲ. ಯೆರೂಸಲೇಮಿನ ರೇಖಾಂಶಕ್ಕೆ ಸರಿಯಾಗಿ ಖಗೋಳಗಣಿತದಿಂದ ದಿನವನ್ನು ನಿರ್ಣಯಿಸಬೇಕೆಂದು ೧೯೯೭ರಲ್ಲಿ ಸಿರಿಯದ ಅಲೆಪ್ಪೊ ನಗರದಲ್ಲಿ ಸೇರಿದ ಸಭೆ ಮಾಡಿದ ಸೂಚನೆಯೂ ಆಚರಣೆಗೆ ಬರಲಿಲ್ಲ.

೪

ಆಚಾರಗಳಲ್ಲಿ ಪ್ರಸಿದ್ಧವಾದುದು ಬಣ್ಣದ ಮೊಟ್ಟೆ. ಜೀವದ ಪ್ರತೀಕವಾಗಿ ಮೊಟ್ಟೆ ಹಲವು ಜನಾಂಗಗಳಲ್ಲಿ ಬಳಕೆಯಲ್ಲಿದೆ. ಇರಾನಿನವರ ನೌರೋಜಿನಲ್ಲಿಯೂ ಬಣ್ಣದ ಮೊಟ್ಟೆಯುಂಟು. ಆದರೆ ಸಾದೃಶ್ಯವೇ ವಂಶಸಂಬಂಧವಲ್ಲ. ಈಸ್ಟರ್ ಮೊಟ್ಟೆಗೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲದಲ್ಲಿ ಮಾಂಸದೊಡನೆ ಹಾಲು, ಗಿಣ್ಣು, ಮೊಟ್ಟೆಗಳನ್ನೂ ವರ್ಜಿಸುವ ನಿಯಮ ಬಹುಕಾಲ ನಡೆದುಬಂದಿತು. ೬೯೨ರಲ್ಲಿ ಕಾನ್‌ಸ್ಟಾಂಟಿನೋಪಲಿನ ಟ್ರುಲ್ಲೊ ಸಭೆ, ಉಪವಾಸಕಾಲದ ಶನಿವಾರ ಭಾನುವಾರಗಳಲ್ಲಿಯೂ ಮೊಟ್ಟೆ ಗಿಣ್ಣುಗಳನ್ನು ತಿನ್ನಕೂಡದೆಂದು ವಿಧಿಸಿತು. ಮನುಷ್ಯರು ಉಪವಾಸವಿದ್ದರೆಂದು ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸುವುದಿಲ್ಲ. ವಸಂತದಲ್ಲಿ ಅವು ಹೆಚ್ಚು ಮೊಟ್ಟೆಯಿಡುವ ಕಾಲ ಬೇರೆ. ಹೀಗೆ ಕೂಡಿಬಿದ್ದ ಮೊಟ್ಟೆಗಳು ಬೇಯಿಸಲ್ಪಟ್ಟು, ಬಣ್ಣ ಪಡೆದು, ಹಬ್ಬದ ದಿನ ಉಡುಗೊರೆಯಾಗಿ ಹೊರಬಂದವು. ಹಂಗೇರಿಯವರ 'ಮಾಂಸಸ್ವೀಕಾರ' ಎಂಬ ಹೆಸರಿನಲ್ಲಿ ಈ ಉಪವಾಸಮುಕ್ತಿಯ ಸಂತೋಷವೇ ಅಡಗಿದೆ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ ಲೆಕ್ಕಪತ್ರದಲ್ಲಿ ೧೨೯೦ನೆಯ ವರ್ಷ ೪೫೦ ಮೊಟ್ಟೆಗಳಿಗಾಗಿ ೧೮ ಪೆನ್ಸ್ ಖರ್ಚು ಬಿದ್ದಿದೆ. ಅವಕ್ಕೆ ಬಣ್ಣವನ್ನೂ ಚಿನ್ನದ ರೇಕನ್ನೂ ಕೊಟ್ಟು ಪರಿವಾರಕ್ಕೆ ಹಂಚಲಾಯಿತು.

ಆಚಾರ ರೂಢಿಯಾದ ಮೇಲೆ ಅರ್ಥ ಅದಕ್ಕೆ ಕೂಡಿಕೊಳ್ಳುತ್ತದೆ. ಗ್ರೀಕ್ ಸಭೆಯವರು ಹಬ್ಬದ ಮುಂಚಿನ ಗುರುವಾರ ಮೊಟ್ಟೆಗಳಿಗೆ ಕೆಂಪುಬಣ್ಣ ಕೊಟ್ಟು ಅದನ್ನು ಕ್ರಿಸ್ತನ ರಕ್ತವೆಂದು ಭಾವಿಸುತ್ತಾರೆ. ಒಡೆದ ಚಿಪ್ಪು ತೆರೆದ ಸಮಾಧಿಯ ಸಂಕೇತವಾಗುತ್ತದೆ. ಪೋಲೆಂಡಿನಲ್ಲಿ ಹಿಂದಿನ ಶನಿವಾರ ಮೊಟ್ಟೆ, ರೊಟ್ಟಿ, ಮಾಂಸ, ಉಪ್ಪುಗಳನ್ನು ಬುಟ್ಟಿಯಲ್ಲಿಟ್ಟು ಚರ್ಚಿಗೆ ಕೊಂಡೊಯ್ದು ಆಶೀರ್ವಾದ ಪಡೆಯುತ್ತಾರೆ. ಮೊಲದ ಚರಿತ್ರೆ ಇನ್ನೂ ಈಚಿನದು. ಮೊಲ ಮೊಟ್ಟೆಗಳನ್ನು ತೋಟದಲ್ಲಿ ಅಡಗಿಸಿಡುತ್ತದೆಂದು ಮಕ್ಕಳಿಗೆ ಹೇಳುವ ಕಥೆಯನ್ನು ೧೬೮೨ರಲ್ಲಿ ಗೇಯೋರ್ಗ್ ಫ್ರಾಂಕ್ ಎಂಬ ಜರ್ಮನ್ ವೈದ್ಯನು ಈಸ್ಟರ್ ಮೊಟ್ಟೆಗಳನ್ನು ಕುರಿತ ಪ್ರಬಂಧದಲ್ಲಿ ದಾಖಲಿಸಿದನು. ಜರ್ಮನ್ ವಲಸೆಗಾರರು ಅದನ್ನು ಅಮೆರಿಕಕ್ಕೆ ಒಯ್ದರು. ಬೀಡನಿಗೂ ಈ ಪ್ರಬಂಧಕ್ಕೂ ನಡುವಿನ ಒಂಬತ್ತು ಶತಮಾನಗಳಲ್ಲಿ ದೇವತೆಯನ್ನೂ ಮೊಲವನ್ನೂ ಸೇರಿಸುವ ಲೇಖ ಯಾವುದೂ ದೊರೆತಿಲ್ಲ.

ಇವುಗಳಿಗಿಂತ ಪ್ರಾಚೀನವಾದ ಆಚಾರ ರಾತ್ರಿಯ ಜಾಗರಣೆ. ಹೊಸಬರಿಗೆ ದೀಕ್ಷಾಸ್ನಾನ ಕೊಡಲು ಪಸ್ಕವೇ ಶ್ರೇಷ್ಠಕಾಲವೆಂದು ಮೂರನೆಯ ಶತಮಾನದ ಆದಿಯಲ್ಲಿ ಟರ್ಟುಲಿಯನ್ ಬರೆದಿದ್ದಾನೆ. ಪಶ್ಚಿಮದ ಸಭೆಯಲ್ಲಿ ಈ ಜಾಗರಣೆ ಕಾಲಕ್ರಮದಲ್ಲಿ ಶನಿವಾರದ ಬೆಳಗಿಗೇ ಸರಿದು ಅರ್ಥಹೀನವಾಗಿತ್ತು. ೧೯೫೧ರಲ್ಲಿ ಪ್ರಯೋಗರೂಪವಾಗಿಯೂ ೧೯೫೫ರ ಆಜ್ಞೆಯಿಂದ ಖಾಯಮ್ಮಾಗಿಯೂ ಪೋಪ್ ಹನ್ನೆರಡನೆಯ ಪಯಸ್ ಅದನ್ನು ರಾತ್ರಿಗೆ ಹಿಂದಿರುಗಿಸಿದನು. ಆ ರಾತ್ರಿ ಓದುವ ಪಾಠಗಳಲ್ಲಿ ಇಸ್ರಾಯೇಲ್ಯರು ಕೆಂಪುಸಮುದ್ರವನ್ನು ದಾಟಿದ ವೃತ್ತಾಂತವೂ ಇದೆ. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರು ಹಬ್ಬದ ಹಿಂದಿನ ಗುರುವಾರವನ್ನು 'ಪೆಸಹಾ' ಎಂದೇ ಕರೆದು, ಅಕ್ಕಿಹಿಟ್ಟು ಉದ್ದಿನಬೇಳೆಗಳಿಂದ ಹುಳಿ ಬರಿಸದ ಅಪ್ಪವನ್ನು ಮಾಡುತ್ತಾರೆ. ಮನೆಯ ಹಿರಿಯನು ಅದನ್ನು ಮುರಿದು ಎಲ್ಲರಿಗೂ ಹಂಚುತ್ತಾನೆ. ಆಚಾರ ತನ್ನ ಮೂಲವನ್ನು ಎಷ್ಟು ನಿಷ್ಠೆಯಿಂದ ಕಾಪಾಡಬಲ್ಲದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೫

ಆದರೆ ಆಚಾರ ಕಾಪಾಡಿದುದನ್ನು ಸಮಾಜ ಮರೆಯಿತು. ಯೆಹೂದ್ಯರ ಹಬ್ಬದಿಂದ ಹುಟ್ಟಿದ ಹಬ್ಬವೇ ಮಧ್ಯಯುಗದ ಯೂರೋಪಿನಲ್ಲಿ ಯೆಹೂದ್ಯರಿಗೆ ಭಯದ ಕಾಲವಾಯಿತು. ೧೧೪೪ರ ಈಸ್ಟರಿನ ಸುಮಾರಿಗೆ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ವಿಲಿಯಮ್ ಎಂಬ ಬಾಲಕ ಸತ್ತುಬಿದ್ದುದಕ್ಕೆ ಯೆಹೂದ್ಯರೇ ಕಾರಣರೆಂಬ ಮಿಥ್ಯಾರೋಪ ಹುಟ್ಟಿ, ಅಂಥ ಆರೋಪಗಳ ಪರಂಪರೆಯೇ ಬೆಳೆಯಿತು. ೧೨೧೫ರ ಲ್ಯಾಟರನ್ ಮಹಾಸಭೆ ಈಸ್ಟರಿನ ಮುಂಚಿನ ಶೋಕದಿನಗಳಲ್ಲಿ ಯೆಹೂದ್ಯರು ಹೊರಗೆ ಕಾಣಿಸಿಕೊಳ್ಳಬಾರದೆಂದು ವಿಧಿಸಿತು. ೧೨೪೭ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಈ ರಕ್ತಾರೋಪವನ್ನು ಖಂಡಿಸಿದರೂ ಅದು ಅಳಿಯಲಿಲ್ಲ. ೧೯೦೩ರಲ್ಲಿ ರಷ್ಯದ ಸಾಮ್ರಾಜ್ಯಕ್ಕೆ ಸೇರಿದ್ದ ಕಿಷಿನೇವ್ ನಗರದಲ್ಲಿ ಈಸ್ಟರ್ ದಿನವೇ ಆರಂಭವಾದ ದೊಂಬಿಯಲ್ಲಿ ೪೯ ಮಂದಿ ಯೆಹೂದ್ಯರು ಹತರಾದರು. ೧೯೫೯ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಶುಭಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹೀಗಳೆಯುವ ವಿಶೇಷಣವನ್ನು ತೆಗೆಸಿದನು. ಕ್ರಿಸ್ತನ ಮರಣದ ಹೊಣೆಯನ್ನು ಸಮಸ್ತ ಯೆಹೂದ್ಯರ ಮೇಲೆ ಹೊರಿಸಲಾಗದೆಂದು ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಘೋಷಿಸಿತು. ಕಾನ್‌ಸ್ಟಂಟೈನನ ಪತ್ರದಿಂದ ಇಲ್ಲಿಯವರೆಗಿನ ಅಂತರ ೧೬೪೦ ವರ್ಷ.

ಈ ಹಿನ್ನೆಲೆಯಲ್ಲಿ ವಸಂತದೇವತೆಯ ಕಥೆಯನ್ನು ಮತ್ತೊಮ್ಮೆ ನೋಡಬೇಕು. ಅದು ಮೇಲ್ನೋಟಕ್ಕೆ ನಿರಪಾಯವಾದ ಕಲ್ಪನೆ. ಆದರೆ ಹಬ್ಬಕ್ಕೆ ಜರ್ಮನ್ ಕಾಡುಗಳಲ್ಲಿ ಒಂದು ತಾಯಿಯನ್ನು ಹುಡುಕುವಾಗ ಅದು ಯೆರೂಸಲೇಮಿನ ನಿಜವಾದ ತಾಯಿಯನ್ನು ಮತ್ತೊಮ್ಮೆ ಮರೆಸುತ್ತದೆ. ಬೀಡನು ತನ್ನ ಕಾಲದ ಜನ ಹಳೆಯ ಹೆಸರಿನಿಂದ ಪಸ್ಕವನ್ನು ಕರೆಯುತ್ತಾರೆಂದನೇ ಹೊರತು, ಪಸ್ಕ ಆ ಹೆಸರಿನಿಂದ ಹುಟ್ಟಿತೆನ್ನಲಿಲ್ಲ. ಅವನ ಆ ಒಂದು ವಾಕ್ಯವನ್ನು ಅವನು ಬರೆದಷ್ಟೇ ಅರ್ಥಕ್ಕೆ ಓದಿದ್ದರೆ ಒಂದೂವರೆ ಶತಮಾನದ ಭ್ರಮೆ ತಪ್ಪುತ್ತಿತ್ತು. ಯಾವುದೇ ದೇಶದ, ಯಾವುದೇ ಮತದ ಹಬ್ಬವನ್ನು ಕುರಿತು ಬರೆಯಲು ಹೊರಡುವ ನಮ್ಮ ವಿದ್ಯಾರ್ಥಿಗಳು ಹೆಸರು, ಮೂಲ, ದಿನ, ಆಚಾರಗಳನ್ನು ಮೊದಲು ಬೇರ್ಪಡಿಸಿ, ಪ್ರತಿಯೊಂದರ ಆಧಾರವನ್ನೂ ಅದರ ಕಾಲವನ್ನೂ ಕೇಳಿ, ಆಮೇಲೆ ಅವುಗಳ ಸಂಬಂಧವನ್ನು ಕಲ್ಪಿಸುವುದು ಕ್ಷೇಮವೆಂದು ನಾವು ಸೂಚಿಸುತ್ತೇವೆ.